ಕಲ್ಯಾಣದ ಮಿತಾಕ್ಷರವೂ ನಮ್ಮ ಅಂಗಡಿ ಮುಂದಿನ ಬಿಳಿ ಕಾರೂ

ನಮ್ಮ ಅಂಗಡಿ ಮುಂದೆ ಒಂದಿಷ್ಟು ಖುಲ್ಲಾ ಜಾಗ ಇದೆ. ಬಸವಕಲ್ಯಾಣದ ಪೇಟೆಯಲ್ಲಿ ಅಷ್ಟು ಜಾಗ ಬಿಟ್ಟು ಹಿಂದಕ್ಕೆ ಸರಿದು ಅಂಗಡಿ ಕಟ್ಟಿಸಿದ್ದು ಅಪ್ಪನ ದೊಡ್ಡತನವೋ ದಡ್ಡತನವೋ ಅಂತ ನಾನೂ ಅಣ್ಣನೂ ಆಗಾಗ ವಾದ ಮಾಡ್ತಿರ್ತೀವಿ. ನಮ್ಮದು ಪೈಪು, ಮೋಟರು, ಹನಿ ನೀರಾವರಿ ಸಾಮಾನಿನ ಸಣ್ಣ ವ್ಯಾಪಾರ. ಇಪ್ಪತ್ತು ಅಡಿ ಉದ್ದದ ಪೈಪುಗಳನ್ನು ಲಾರಿಯಿಂದ ಇಳಿಸಬೇಕು, ರೈತರ ಟ್ರ್ಯಾಕ್ಟರಿಗೋ ಟಮ್‌ಟಮ್‌ಗೋ ಹೇರಬೇಕು. ಆ ಖುಲ್ಲಾ ಜಾಗ ಇಲ್ಲದಿದ್ದರೆ ವ್ಯಾಪಾರವೇ ಇಲ್ಲ.

ಆದರೆ ಊರಿನ ಲೆಕ್ಕದಲ್ಲಿ ಅದು ಪಾರ್ಕಿಂಗ್ ಜಾಗ! ಬಟ್ಟೆ ಕೊಳ್ಳಲು ಬಂದವರು, ಬ್ಯಾಂಕಿಗೆ ಬಂದವರು, ಕೋಟೆ ನೋಡಲು ಬಂದವರು, ಎಲ್ಲರ ಗಾಡಿಯೂ ಅಲ್ಲೇ. "ಐದೇ ಮಿನಿಟ್ ರೀ ಅಣ್ಣಾ" ಅಂತ ಹೋದವರು ಊಟ ಮುಗಿಸಿ ಬರ್ತಾರೆ. ಇದು ನಿಮ್ಮೂರಲ್ಲೂ ಇರೋದೇ ಬಿಡಿ.

ಒಂದು ದಿನ ಹೈದರಾಬಾದಿನಿಂದ ಪೈಪಿನ ಲಾರಿ ಬಂತು. ಜಾಗದ ನಟ್ಟನಡುವೆ ಒಂದು ಬಿಳಿ ಕಾರು. ಕಾರಿನವನ ಪತ್ತೆ ಇಲ್ಲ. ಹಾರ್ನ್ ಹೊಡೆದದ್ದಾಯಿತು, ಅಕ್ಕಪಕ್ಕದ ಅಂಗಡಿಗಳಲ್ಲಿ ಕೇಳಿದ್ದಾಯಿತು. ಪೊಲೀಸರಿಗೆ ಫೋನ್ ಮಾಡಿದರೆ "ರೋಡಿನ ಮ್ಯಾಲ ಅದ ಏನ್ರಿ? ಇಲ್ಲಾಂದ್ರ ನಾವು ಎತ್ಲಾಕ ಬರಲ್ರಿ" ಅನ್ನುವ ಉತ್ತರ. ಹಮಾಲರು ಒಂದು ಗಂಟೆ ಕಾದು ಬೇರೆ ಕೆಲಸಕ್ಕೆ ಹೋದರು. ಲಾರಿ ಡ್ರೈವರ್ ನಿಂತದ್ದಕ್ಕೆ ದುಡ್ಡು ಕೇಳತೊಡಗಿದ. ನನಗೆ ತಲೆ ಕೆಟ್ಟಿತು. ಹೋಗಿ ಆ ಕಾರಿನ ಎರಡು ಗಾಲಿಯ ಗಾಳಿ ತೆಗೆದುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಆ "ಸುಸ್..." ಸದ್ದು ಕೇಳಿ ಖುಷಿಯೇ ಆಯಿತು.

ಸಂಜೆ ಕಾರಿನವನು ಬಂದ. ಹುಮನಾಬಾದ ಕಡೆಯ ಹಳ್ಳಿಯ ಹುಡುಗ. ಕಾರು ನೋಡಿದ, ನನ್ನನ್ನು ನೋಡಿದ. ಬೈಯಲಿಲ್ಲ. "ತಂಗೀನ್ನ ದವಾಖಾನಿಗಿ ತಂದಿದ್ದೆ ರೀ, ಹೆರಿಗಿ ತ್ರಾಸ್ ಆಗಿತ್ತು. ಗಾಡಿ ಎಲ್ಲಿ ಹಚ್ಚೀನಿ ಅನ್ನೋದೂ ನೆಪ್ಪಿಲ್ಲ. ಪಂಪ್ ಅದಾ ರೀ ಕಾಕಾ?" ಅಂದ. ನಾನೇ ಕಾಲಿನ ಪಂಪು ತಂದು ಗಾಳಿ ತುಂಬಿದೆ. ಎರಡು ಗಾಲಿ ತುಂಬುವಷ್ಟರಲ್ಲಿ ಬೆವರು ಇಳಿಯಿತು. ಬೆವರಿಗಿಂತ ಹೆಚ್ಚು ನಾಚಿಕೆ.

ಮರುದಿನ ಅಂಗಡಿಗೆ ಬಂದಿದ್ದ ಒಬ್ಬ ಹಿರಿಯ ವಕೀಲರಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, "ಏ ತಮ್ಮಾ, ಈ ಕೇಸು ನಮ್ಮೂರಾಗೇ ಒಂಬೈನೂರು ವರ್ಷದ ಹಿಂದ ಬರದಿಟ್ಟಾರ. ಮಿತಾಕ್ಷರ ತಗದು ನೋಡು" ಅಂದರು.

ಮಿತಾಕ್ಷರ ಅಂದರೆ ಶಾಲೆಯ ಇತಿಹಾಸ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ ನನಗೆ ಗೊತ್ತಿದ್ದದ್ದು. ಚಾಲುಕ್ಯರ ಒಂದನೇ ಸೋಮೇಶ್ವರ ಹನ್ನೊಂದನೇ ಶತಮಾನದ ನಡುವೆ ರಾಜಧಾನಿಯನ್ನು ಮಳಖೇಡದಿಂದ ನಮ್ಮ ಕಲ್ಯಾಣಕ್ಕೆ ತಂದ. ಅವನ ಮಗ ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಪುಸ್ತಕದ ಕೊನೆಗೆ ಅವನು ಕಲ್ಯಾಣದಂಥ ಊರೂ ವಿಕ್ರಮನಂಥ ರಾಜನೂ ಇನ್ನೆಲ್ಲೂ ಇಲ್ಲ ಅಂತ ಕೊಂಡಾಡಿದ್ದಾನೆ. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ಅಧಿಕಾರಿ ಅದರ ಆಸ್ತಿ ಹಂಚಿಕೆಯ ಭಾಗವನ್ನು ಇಂಗ್ಲಿಷಿಗೆ ತಂದ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಪಾಲು ಕೋರ್ಟುಗಳಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲಾದದ್ದು ಇದರ ಮೇಲೆಯೇ. ಹಾಗಾಗಿ ಮಿತಾಕ್ಷರ ಅಂದಕೂಡಲೇ ಎಲ್ಲರಿಗೂ ನೆನಪಾಗೋದು ಅಣ್ಣತಮ್ಮಂದಿರ ಪಾಲು.

ಆದರೆ ಅದರ ವ್ಯವಹಾರ ಭಾಗದಲ್ಲಿ ಇನ್ನೊಂದು ಪ್ರಕರಣ ಇದೆ. ದನದ ಒಡೆಯ ಮತ್ತು ದನ ಕಾಯುವವನ ವ್ಯಾಜ್ಯ. ಇನ್ನೊಬ್ಬರ ಹೊಲಕ್ಕೆ ದನ ನುಗ್ಗಿದರೆ ಏನು ಮಾಡಬೇಕು ಅನ್ನೋದು ಅಲ್ಲಿ ಬರುತ್ತದೆ. ಅದನ್ನು ಓದುತ್ತ ಹೋದಂತೆ ನಾನು ಬೆಚ್ಚಿಬಿದ್ದೆ.

ಮೊದಲನೆಯದು, ಗಾಡಿಗೊಂದು ದರ ಇದ್ದ ಹಾಗೆ ಪ್ರಾಣಿಗೊಂದು ದರ. ಎಮ್ಮೆ ಪೈರು ಹಾಳು ಮಾಡಿದರೆ ಎಂಟು ಮಾಷ ದಂಡ. ಹಸುವಿಗೆ ಅದರ ಅರ್ಧ, ಆಡು ಕುರಿಗೆ ಅದರಲ್ಲೂ ಅರ್ಧ. ಕತ್ತೆ ಒಂಟೆಗಳು ಎಮ್ಮೆಯ ಲೆಕ್ಕಕ್ಕೆ.

ಎರಡನೆಯದನ್ನು ಗಮನವಿಟ್ಟು ಓದಿ. ದನ ಮೇಯ್ದು ಅಲ್ಲಿಯೇ ಮಲಗಿಬಿಟ್ಟರೆ ದಂಡ ದುಪ್ಪಟ್ಟು! ಬಾಯಿ ಹಾಕಿ ಹೋದದ್ದು ಬೇರೆ, ಮೇಯ್ದು ಆರಾಮಾಗಿ ಕೂತದ್ದು ಬೇರೆ. ಐದು ಮಿನಿಟಿನವನು ಬೇರೆ, ಊಟ ಮುಗಿಸಿ ಬರುವವನು ಬೇರೆ :-)

ಮೂರನೆಯದು, ಸರ್ಕಾರಕ್ಕೆ ದಂಡ ಕಟ್ಟಿದರೆ ಮುಗಿಯಲಿಲ್ಲ. ಎಷ್ಟು ಪೈರು ಹಾಳಾಯಿತೋ ಅಷ್ಟರ ಫಲ ಹೊಲದವನಿಗೆ ಸೇರಬೇಕು. ದನ ಕಾಯುವವನಿಗೆ ಪೆಟ್ಟು, ಒಡೆಯನಿಗೆ ದಂಡ. (ಪೆಟ್ಟು ಮಾತ್ರ ಯಾವಾಗಲೂ ಆಳಿಗೇ, ಅದು ಆ ಕಾಲದ ನ್ಯಾಯ.)

ನಾಲ್ಕನೆಯದು, ದಾರಿಯ ಪಕ್ಕದ ಹೊಲಕ್ಕೆ, ಊರ ಗೋಮಾಳಕ್ಕೆ ತಾಗಿದ ಹೊಲಕ್ಕೆ ದನ ತಿಳಿಯದೆ ನುಗ್ಗಿದರೆ ತಪ್ಪಿಲ್ಲ. ಬೇಕಂತಲೇ ನುಗ್ಗಿಸಿದರೆ ಕಳ್ಳನಿಗೆ ಆಗುವ ಶಿಕ್ಷೆ. ನಮ್ಮ ಖುಲ್ಲಾ ಜಾಗವೂ ದಾರಿ ಪಕ್ಕದ್ದೇ. ಅದಕ್ಕೆ ಬೇಲಿಯೂ ಇರಲಿಲ್ಲ, ಬೋರ್ಡೂ ಇರಲಿಲ್ಲ.

ಐದನೆಯದು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾರನ್ನು ಬಿಟ್ಟುಬಿಡಬೇಕು ಅನ್ನುವ ಪಟ್ಟಿ ಅದು. ಬೀಜದ ಹೋರಿ, ದೇವರಿಗೆ ಬಿಟ್ಟ ದನ, ದಾರಿ ತಪ್ಪಿ ಬೇರೆ ಕಡೆಯಿಂದ ಬಂದದ್ದು, ದೈವದಿಂದಲೋ ಅರಸನಿಂದಲೋ ಕಷ್ಟಕ್ಕೆ ಸಿಕ್ಕಿದ್ದು... ಮತ್ತು ಆಗಷ್ಟೇ ಈದದ್ದು.

ನಾನು ಗಾಳಿ ತೆಗೆದ ಕಾರು ಯಾವ ಸಾಲಿನದ್ದು ಅಂತ ಬಿಡಿಸಿ ಹೇಳಬೇಕಾಗಿಲ್ಲ ತಾನೇ?

ಇದೇ ಪ್ರಕರಣದ ಕೊನೆಗೆ ಇನ್ನೊಂದು ಮಾತಿದೆ. ಹಳ್ಳಿಗೂ ಹೊಲಗಳಿಗೂ ನಡುವೆ ಸುತ್ತಲೂ ನೂರು ಧನುಸ್ಸು ಜಾಗ ಖಾಲಿ ಬಿಡಬೇಕು. ಅದಕ್ಕಿಂತ ದೊಡ್ಡ ಊರಾದರೆ ಇನ್ನೂರು, ಪಟ್ಟಣವಾದರೆ ನಾನೂರು. ಒಂದು ಧನುಸ್ಸು ಅಂದರೆ ನಾಲ್ಕು ಮೊಳ. ಅಂದರೆ ಪಟ್ಟಣದ ಸುತ್ತ 1600 ಮೊಳ ಅಗಲದ ಬಯಲು. ದನ ನುಗ್ಗಿದರೆ ದಂಡ ಅಂತ ಹೇಳಿದ ಶಾಸ್ತ್ರವೇ ದನ ನಿಲ್ಲಲು ಊರು ಜಾಗ ಬಿಡಬೇಕು ಅಂತಲೂ ಹೇಳಿತು. ಇದೆಲ್ಲ ನೆಲದ ಮೇಲೆ ಹೀಗೇ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಶಾಸ್ತ್ರ ಬೇರೆ, ಸಂತೆ ಬೇರೆ. ಆದರೆ ಯೋಚನೆ ಮಾಡಿದ್ದರು ಅನ್ನೋದೇ ದೊಡ್ಡದು.

ಬೋರ್ಡಿನ ವಿಷಯಕ್ಕೆ ಬಂದರೆ ಚಾಲುಕ್ಯರ ಕಾಲದಲ್ಲಿ ಅದಕ್ಕೂ ಕೊರತೆ ಇರಲಿಲ್ಲ. ದಾನ ಕೊಟ್ಟ ಭೂಮಿಗೆ ಗಡಿಕಲ್ಲು ನೆಡುತ್ತಿದ್ದರು. ಶಾಸನದ ಕೊನೆಗೆ ಶಾಪ ಕೆತ್ತುತ್ತಿದ್ದರು. ಈ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟುತ್ತಾನೆ ಅನ್ನುವ ಶಾಪ ನೂರಾರು ಶಾಸನಗಳಲ್ಲಿ ಸಿಗುತ್ತದೆ. "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅನ್ನುವ ಇವತ್ತಿನ ಬೋರ್ಡು ಅದರ ಬಡ ಮೊಮ್ಮಗ.

ಇನ್ನು ಕೊಂಡವಾಡದ ಕಥೆ. ಹಳೆ ಮೈಸೂರಿನವರು ದೊಡ್ಡಿ ಅಂತಾರಲ್ಲ, ಅದು. ಬ್ರಿಟಿಷ್ ಇಂಡಿಯಾದಲ್ಲಿ 1871ರಲ್ಲಿ ದನಗಳ ಅತಿಕ್ರಮಣ ಕಾಯ್ದೆ ಬಂತು. ಹೊಲಕ್ಕೆ ನುಗ್ಗಿ ಹಾಳು ಮಾಡುವ ದನವನ್ನು ಹೊಲದವನೇ ಹಿಡಿಯಬಹುದು. ಆದರೆ 24 ಗಂಟೆಯೊಳಗೆ ದೊಡ್ಡಿಗೆ ಕಳಿಸಬೇಕು, ತನ್ನ ಮನೆಯಲ್ಲಿ ಕಟ್ಟಿಕೊಳ್ಳುವ ಹಾಗಿಲ್ಲ. ಆಗಿನ ದರಪಟ್ಟಿಯಲ್ಲಿ ಆನೆಗೆ ಎರಡು ರೂಪಾಯಿ, ಎಮ್ಮೆಗೆ ಎಂಟಾಣೆ, ಹಸುವಿಗೆ ನಾಲ್ಕಾಣೆ, ಆಡಿಗೆ ಒಂದಾಣೆ. ಎಮ್ಮೆಗೆ ಎಂಟು, ಹಸುವಿಗೆ ನಾಲ್ಕು! ಕಾಕತಾಳೀಯವೇ ಇರಬಹುದು, ಆದರೆ ಓದಿದಾಗ ನಗು ಬಂತು. ಏಳು ದಿನದೊಳಗೆ ಯಾರೂ ಕೇಳಿಕೊಂಡು ಬರದಿದ್ದರೆ ಮುಂದೆ ಹರಾಜಿನ ದಾರಿ. ಹಿಡಿದ ದನವನ್ನು ಜಬರದಸ್ತಿಯಿಂದ ಬಿಡಿಸಿಕೊಂಡು ಹೋದರೆ ಆರು ತಿಂಗಳ ತನಕ ಜೈಲು. ಇನ್ನೊಂದು ಕಡೆ, ಅನ್ಯಾಯವಾಗಿ ಹಿಡಿದರೆ ಹಿಡಿದವನೇ ನೂರು ರೂಪಾಯಿ ತನಕ ಪರಿಹಾರ ಕೊಡಬೇಕು. ಎರಡೂ ಕಡೆಯವರ ಕೈ ಕಟ್ಟಿದ ಕಾನೂನು.

ನಮ್ಮ ಬೀದರ ಆಗ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು, ಬ್ರಿಟಿಷರ ಕಾಯ್ದೆ ನೇರವಾಗಿ ಇಲ್ಲಿಗೆ ತಾಗುತ್ತಿರಲಿಲ್ಲ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಇಡೀ ರಾಜ್ಯಕ್ಕೆ 1966ರ ದನಗಳ ಅತಿಕ್ರಮಣ ಕಾಯ್ದೆ ಬಂತು.

ದನದ ಕಾನೂನು ಕಾರಿಗೆ ಹೊಂದುತ್ತದಾ? ಈ ಪ್ರಶ್ನೆ ಇಂಗ್ಲೆಂಡಿನ ಕೋರ್ಟಿಗೇ ಹೋಗಿತ್ತು. ನನ್ನ ನೆಲದಲ್ಲಿ ಬಂದು ಹಾಳು ಮಾಡುವುದನ್ನು ನಷ್ಟ ಕೊಡುವ ತನಕ ಹಿಡಿದಿಟ್ಟುಕೊಳ್ಳುವ ಹಕ್ಕು ಅಲ್ಲಿ ದನಗಳ ಕಾಲದಿಂದ ಬಂದದ್ದು. 1990ರ ದಶಕದಲ್ಲಿ ಟ್ರೂರೋ ಎಂಬ ಊರಿನಲ್ಲಿ ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದೆ ನಿಂತ ಕಾರಿನ ಗಾಲಿಗೆ ಬೀಗ ಜಡಿದರು. ಕಾರಿನವನು ರಾತ್ರಿ ಬಂದು ಬೀಗದ ಸಮೇತ ಕಾರು ಒಯ್ದ! ಸುಮ್ಮನೆ ನಿಂತ ಕಾರಿಗೆ ದನದ ಹಕ್ಕು ಹೊಂದದು ಅಂತ ಮೇಲಿನ ಕೋರ್ಟು ಹೇಳಿತು. ಆದರೆ ಬೋರ್ಡು ಓದಿಯೂ ನಿಲ್ಲಿಸಿದವನು ಬೀಗಕ್ಕೆ ಒಪ್ಪಿದ ಹಾಗೆಯೇ ಅಂತಲೂ ಹೇಳಿತು. 2000ರಲ್ಲಿ ಇನ್ನೊಂದು ಕೇಸು. ಆಸ್ಪತ್ರೆಯಿಂದ ಹೊರಟ ಹೆಣ್ಣುಮಗಳಿಗೆ ದಾರಿಯಲ್ಲಿ ವಾಂತಿ ಬಂದು ಕಾರು ನಿಲ್ಲಿಸಿದಳು. ತಿರುಗಿ ಬರುವಷ್ಟರಲ್ಲಿ ಗಾಲಿಗೆ ಬೀಗ. ಬೋರ್ಡು ಇನ್ನೊಂದು ಗಾಡಿಯ ಮರೆಯಲ್ಲಿತ್ತು. ಕೋರ್ಟು ಆಕೆಯ ಪರ ತೀರ್ಪು ಕೊಟ್ಟಿತು. ಕೊನೆಗೆ ಬೀಗದವರ ಕಾಟ ವಿಪರೀತವಾಗಿ, ಇಂಗ್ಲೆಂಡಿನಲ್ಲಿ 2012ರ ಅಕ್ಟೋಬರ್ 1ರಿಂದ ಖಾಸಗಿ ಜಾಗದಲ್ಲಿ ಹೀಗೆ ಬೀಗ ಹಾಕುವುದನ್ನೇ ನಿಷೇಧಿಸಿದರು.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿ ಎತ್ತಿಸುವ ಕಲಮು 127 ಇದೆ, ಆದರೆ ಅದು ಸಾರ್ವಜನಿಕ ಸ್ಥಳಕ್ಕೆ. ಎತ್ತಿಸುವ ಅಧಿಕಾರವೂ ಸಮವಸ್ತ್ರದ ಪೊಲೀಸ್ ಅಧಿಕಾರಿಗೆ. ಫೋನಿನಲ್ಲಿ ಪೊಲೀಸರು ಹೇಳಿದ್ದು ಈ ಲೆಕ್ಕದಲ್ಲೇ. ಕ್ರಿಮಿನಲ್ ಅತಿಕ್ರಮಣ ಅಂತ ದೂರು ಕೊಡೋಣವೆಂದರೆ ಹಿಂದಿನ ಐಪಿಸಿಯಲ್ಲಿ 441, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 329. ಎರಡರಲ್ಲೂ ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರಿಕಿರಿ ಮಾಡುವ ಉದ್ದೇಶ ಇರಬೇಕು. ತಂಗಿಯ ಹೆರಿಗೆಗೆ ಓಡಿದವನಲ್ಲಿ ಯಾವ ಉದ್ದೇಶ ಹುಡುಕೋಣ? ಉಳಿದದ್ದು ಸಿವಿಲ್ ದಾವೆ. ಪೈಪು ಇಳಿಸಲು ಯಾರು ದಾವೆ ಹಾಕ್ತಾರೆ ಹೇಳಿ! ಗಾಳಿ ತೆಗೆದದ್ದಕ್ಕೆ ನನ್ನ ಮೇಲೇ ಅವನು ದೂರು ಕೊಡಬಹುದಿತ್ತು. ಕೊಡಲಿಲ್ಲ, ಅದು ಅವನ ದೊಡ್ಡತನ.

ಎಮ್ಮೆ ನುಗ್ಗಿದರೆ ಕೊಂಡವಾಡ ಇದೆ. ಕಾರು ನುಗ್ಗಿದರೆ ಏನೂ ಇಲ್ಲ. ಆ ಖಾಲಿ ಜಾಗದಲ್ಲಿಯೇ ನಮ್ಮ ಸಿಟ್ಟು ಬಂದು ಪಾರ್ಕ್ ಆಗುತ್ತದೆ. ಗಾಳಿ ತೆಗೆಯೋದು, ಗೀಚೋದು, ಹೊಡೆದಾಟ, ಎಲ್ಲ ಅಲ್ಲಿಂದಲೇ. ಹಳೆಯ ನ್ಯಾಯದ ಎಲ್ಲವೂ ಬೇಕು ಅನ್ನೋದಿಲ್ಲ. ಆದರೆ ದಂಡಕ್ಕೆ ಮುಂಚೆ ಅದು ಕೇಳುತ್ತಿದ್ದ ಪ್ರಶ್ನೆಗಳು ಬೇಕು. ತಿಳಿಯದೆ ಬಂದದ್ದೋ ಬೇಕಂತ ಬಂದದ್ದೋ? ಬಂದು ಹೋದದ್ದೋ ಮಲಗಿದ್ದೋ? ಕಷ್ಟಕ್ಕೆ ಸಿಕ್ಕಿದ್ದೋ? ನಿಲ್ಲಲು ಊರು ಜಾಗ ಬಿಟ್ಟಿತ್ತೋ? ನಾನು ಒಂದನ್ನೂ ಕೇಳಿರಲಿಲ್ಲ.

ಈಗ ಎರಡು ಕಬ್ಬಿಣದ ಕಂಬ ನೆಟ್ಟು ಸರಪಳಿ ಹಾಕಿದ್ದೇವೆ. ಬೋರ್ಡಿನಲ್ಲಿ ಶಾಪ ಇಲ್ಲ. "ಇದು ಅಂಗಡಿಯ ಸ್ವಂತ ಜಾಗ. ಲೋಡು ಇಳಿಸಲು ಬೇಕು. ಅಡಚಣಿ ಇದ್ದವರು ಕೇಳಿ ನಿಲ್ಲಿಸಿ" ಅಂತ ಬರೆಸಿ ನಂಬರ್ ಹಾಕಿದ್ದೇವೆ. ಗಾಡಿ ಬಿಟ್ಟವರ ನಂಬರ್ ಒಂದು ವಹಿಯಲ್ಲಿ ಬರೆದುಕೊಳ್ಳುತ್ತೇವೆ. ಲಾರಿ ಬಂದಾಗ ಫೋನ್ ಮಾಡಿದರೆ ಹೆಚ್ಚಿನವರು ಓಡಿ ಬರ್ತಾರೆ. ಪೂರ್ತಿ ಸರಿಹೋಗಿದೆ ಅಂತಲ್ಲ. ಮೊನ್ನೆಯೂ ಒಬ್ಬ ಸರಪಳಿ ದಾಟಿಸಿ ಬೈಕು ಹಚ್ಚಿ ಹೋಗಿದ್ದ. ಅಣ್ಣ ನನ್ನ ಮುಖ ನೋಡಿದ. ನಾನು ಗಾಲಿ ಮುಟ್ಟಲಿಲ್ಲ, ಇಬ್ಬರೂ ಸೇರಿ ಎತ್ತಿ ಪಕ್ಕಕ್ಕೆ ಇಟ್ಟೆವು.

ಆ ಹುಡುಗ ಆಮೇಲೊಮ್ಮೆ ಬಂದಿದ್ದ, ಪೇಢೆ ಡಬ್ಬಿ ಹಿಡಿದು. ಹೆಣ್ಣುಮಗುವಂತೆ. ತಾಯಿ ಮಗು ಇಬ್ಬರೂ ಆರಾಮ. ಆ ದಿನ ಕಾರನ್ನು ಸರಪಳಿಯ ಹೊರಗೆ ನಿಲ್ಲಿಸಿ ಬಂದಿದ್ದ. "ಒಳಗ ತಗೊಂಡ್ ಬಾರೋ" ಅಂದರೂ ಕೇಳಲಿಲ್ಲ.

ನಿಮ್ಮ ಕಡೆ ಕೊಂಡವಾಡಕ್ಕೆ ಏನಂತಾರೆ? ಈಗಲೂ ಇದೆಯಾ, ಇಲ್ಲಾ ಆ ಜಾಗದಲ್ಲೂ ಗಾಡಿ ನಿಲ್ಲಿಸ್ತಾರಾ? ಗೊತ್ತಿದ್ದವರು ಬರೆಯಿರಿ.