ಸಣ್ಣ ಗಂಟು, ದೊಡ್ಡ ಊರು



ಬೇಸಿಗೆಯ ರಜೆ ಬಂದೊಡನೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಈ ಸಲ ಎಲ್ಲಿಗೆ ಹೋಗೋಣ?" ಎಂಬುದು. ಸಹಪಾಠಿಯೊಬ್ಬ ರೋಮನ್ನೋ ಪ್ಯಾರಿಸ್ಸನ್ನೋ ನೋಡಿ ಬಂದ ಸುದ್ದಿ ಕಿವಿಗೆ ಬಿದ್ದರಂತೂ ತಂದೆತಾಯಿಯರ ಮನಸ್ಸು ಮುದುಡುತ್ತದೆ. ತಿಂಗಳ ಸಂಬಳವನ್ನು ಎಣಿಸಿ ಬಳಸುವ ಮನೆಯವರು ಮಕ್ಕಳಿಗೆ ಇತಿಹಾಸವನ್ನು ತೋರಿಸುವುದಾದರೂ ಹೇಗೆ? ಬಸ್ಸಿನ ಟಿಕೆಟು, ಬುತ್ತಿಯ ಗಂಟು, ಒಂದು ಶನಿವಾರ ಇಷ್ಟಿದ್ದರೆ ಸಾಕು. ಗದಗ-ಬೆಟಗೇರಿಗೆ ಹೊರಡಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಮಹಿಳೆಯರಿಗೆ ಟಿಕೆಟಿನ ಭಾರವೂ ಇಲ್ಲ. ಗುರುತಿನ ಚೀಟಿ ಜೊತೆಗಿರಲಿ.

ಯುರೋಪಿನ ನಗರವನ್ನು ನೋಡುವ ಆಸೆಯುಳ್ಳ ಮಕ್ಕಳನ್ನು ಮೊದಲು ಬೆಟಗೇರಿಗೆ ಕರೆದೊಯ್ಯಿರಿ. ರೈನ್ ನದಿಯ ದಂಡೆಯ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಧಾರವಾಡ, ಹುಬ್ಬಳ್ಳಿಗಳನ್ನು ಹಾದು 1841ರಲ್ಲಿ ನೇಕಾರರ ಊರಾದ ಈ ಬೆಟಗೇರಿಯಲ್ಲಿ ನೆಲೆಯೂರಿತು. ಅಂದು ಹುಬ್ಬಳ್ಳಿಯಿಂದ ಇಲ್ಲಿಗೆ ರೈಲು ಇರಲಿಲ್ಲ. ಬಂದವರು ನಮ್ಮ ನುಡಿಯನ್ನು ಅಕ್ಷರದಿಂದ ಕಲಿಯಬೇಕಾಯಿತು. ಅವರಿಗೆ ಇರಲು ಜಾಗ, ಕುಡಿಯಲು ನೀರು, ಆಡಲು ಮಾತು ಕೊಟ್ಟವರು ಈ ನೆಲದವರು. ಪರದೇಶದ ನಗರಕ್ಕೆ ನಾವು ಹೋಗಲಾರದಿದ್ದರೂ, ಆ ನಗರದವರು ನಮ್ಮಲ್ಲಿಗೆ ಬಂದು ಅತಿಥಿಗಳಾದ ಕಥೆ ಇಲ್ಲಿದೆ.

ಗುಡಿಗಳ ಬಾಗಿಲು ಮಧ್ಯಾಹ್ನ ಮುಚ್ಚುವ ಮೊದಲೇ ಗದಗಿಗೆ ಬನ್ನಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಕ್ಕೆ ಹೆಸರಾದ ತ್ರಿಕೂಟೇಶ್ವರ ದೇವಾಲಯ, ಅದರ ಆವರಣದಲ್ಲೇ ಸರಸ್ವತಿಯ ಗುಡಿ ಇವೆ. ಸರಸ್ವತಿಯ ಗುಡಿಯ ಕಂಬಗಳ ಕುಸುರಿಯನ್ನು ಮಕ್ಕಳು ಬೆರಳಿನಿಂದ ಮುಟ್ಟದೆ ಕಣ್ಣಿನಿಂದಲೇ ಓದಲಿ. ಹೊಯ್ಸಳ ಇಮ್ಮಡಿ ಬಲ್ಲಾಳನು 1192ರಲ್ಲಿ ಈ ದೇವಾಲಯಕ್ಕೆ ದತ್ತಿ ನೀಡಿದ ಶಾಸನವೂ ಗದಗಿನದೇ. ಆ ಕಾಲದ ದಾನಶಾಸನಗಳಲ್ಲಿ ದೇವರ ಪೂಜೆಯ ಜೊತೆಗೆ ಆಹಾರದಾನ, ವಿದ್ಯಾದಾನ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೈಯಲ್ಲಿ ಕಾಸಿಲ್ಲದ ದಾರಿಗನೂ ಪ್ರವಾಸ ಮಾಡಬಲ್ಲವನಾಗಿದ್ದು ಇಂಥ ದತ್ತಿಗಳಿಂದಲೇ. ಸಮೀಪದ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಹೇಳುವ ಕಂಬವನ್ನು ಜನ ಇಂದಿಗೂ ತೋರಿಸುತ್ತಾರೆ.

ಇನ್ನು ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಅಂಧ ಹಾಗೂ ಬಡ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಉಚಿತವಾಗಿ ಕೊಡುವ ಪರಂಪರೆಯನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರಲ್ಲಿ ನಿಧನರಾಗುವವರೆಗೂ ಅದನ್ನು ನಡೆಸಿದರು. ಆಶ್ರಮದ ಒಲೆ ಉರಿಯಲೆಂದು ಅವರು ನಾಟಕ ಕಂಪನಿಯನ್ನೇ ನಡೆಸಿದರೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳಿರಿ. ಉಚಿತ ಎಂಬ ಅನ್ನದ ಹಿಂದೆ ಯಾರದೋ ಬೆವರು ಇದ್ದೇ ಇರುತ್ತದೆ.

ಬುತ್ತಿ ಬಿಚ್ಚಿ ಉಂಡು, ಮಧ್ಯಾಹ್ನದ ಬಸ್ಸಿನಲ್ಲಿ ಸುಮಾರು 40 ಕಿ.ಮೀ. ದೂರದ ಲಕ್ಷ್ಮೇಶ್ವರಕ್ಕೆ ಹೋಗಬಹುದು. ಪಂಪನು 941ರ ಸುಮಾರಿಗೆ ತನ್ನ ಭಾರತವನ್ನು ಬರೆದಾಗ ಪುಲಿಗೆರೆಯ ತಿರುಳ್ಗನ್ನಡವನ್ನು ನೆನೆದನಲ್ಲವೇ? ಆ ಪುಲಿಗೆರೆಯೇ ಇದು. ಇಲ್ಲಿ ಸೋಮೇಶ್ವರನ ಗುಡಿ, ಜೈನರ ಶಂಖ ಬಸದಿ, 1617ರಲ್ಲಿ ಅಂಕುಶಖಾನನು ಕಟ್ಟಿಸಿದ ಜುಮ್ಮಾ ಮಸೀದಿ ಒಂದೇ ಊರಿನಲ್ಲಿವೆ. ಮರಳುವಾಗ ಶಿರಹಟ್ಟಿಯಲ್ಲಿ ಇಳಿದರೆ, ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಫಕೀರೇಶ್ವರ ಮಠ. ಮುಂಡರಗಿ ಮತ್ತೊಂದು ದಿಕ್ಕಿಗಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ಊರನ್ನು ಅವಸರದಲ್ಲಿ ನೋಡುವುದು ತರವಲ್ಲ. ಅದಕ್ಕೆ ಇನ್ನೊಂದು ಶನಿವಾರವನ್ನು ಮೀಸಲಿಡಿ.

ಪ್ರಿಯರೇ, ಮಿತವ್ಯಯ ಒಳ್ಳೆಯ ಗುಣ. ಆದರೆ ಅದರಲ್ಲೂ ಎರಡು ಬಗೆ ಇದೆ. ಬುತ್ತಿ ಕಟ್ಟಿಕೊಂಡು, ಆಟೊ ಬಿಟ್ಟು ನಡೆದು ಉಳಿಸುವುದು ಒಂದು. ಆ ಹಣ ನಮ್ಮದು. ಬೆಟಗೇರಿಯ ನೇಕಾರನ ಮಗ್ಗದ ಮುಂದೆ ನಿಂತು ಸೀರೆಯ ಬೆಲೆಯನ್ನು ಹಿಂಡುವುದು, ದಾಸೋಹದಲ್ಲಿ ಉಂಡು ಹುಂಡಿಯ ಕಡೆ ನೋಡದೆ ಎದ್ದು ಬರುವುದು ಇನ್ನೊಂದು. ಆ ಉಳಿತಾಯದ ಭಾರವನ್ನು ಹೊರುವವರು ಬೇರೆಯವರು. ಶತಮಾನಗಳಿಂದ ಈ ಊರುಗಳು ದಾರಿಗರಿಗೆ ನೆರಳು ಕೊಟ್ಟಿವೆ. ಬಡ ಕುಟುಂಬವೂ ಆ ನೆರಳಿನಲ್ಲಿ ತಲೆಯೆತ್ತಿ ಕೂರಬಹುದು; ಏಳುವಾಗ ಕೈಲಾದಷ್ಟನ್ನು ಬಿಟ್ಟು ಏಳಬೇಕು, ಅಷ್ಟೇ.

ಸಂಜೆ ಮನೆಗೆ ಮರಳಿದ ಮೇಲೆ ಮಕ್ಕಳ ಕೈಯಿಂದಲೇ ದಿನದ ಲೆಕ್ಕ ಬರೆಸಿರಿ. ಎಷ್ಟು ಖರ್ಚಾಯಿತು ಎಂದು ಬರೆದ ಕೆಳಗೆ, ಯಾರಿಂದ ಏನು ಪಡೆದೆವು ಎಂಬ ಇನ್ನೊಂದು ಸಾಲನ್ನೂ ಬರೆಸಿರಿ.