ಅಂಗೈ ಮೇಲಿನ ಸರಸ್ವತಿ

ಬಳ್ಳಾರಿ ಜಿಲ್ಲೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ನಮ್ಮ ಜಿಲ್ಲೆಯ ಶಾಲೆಗಳ ಚರಿತ್ರೆಯಲ್ಲಿ ಒಂದು ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ, ಊರೂರಿನ ಶಾಲೆಗಳ ಲೆಕ್ಕ ಕೊಡಿ ಎಂದು ಕಲೆಕ್ಟರುಗಳಿಗೆ ಆದೇಶಿಸಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ವರದಿ ಕಳಿಸಿದ. ಜಿಲ್ಲೆಯಲ್ಲಿದ್ದವು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳಿಗೆ ಐದು ತುಂಬಿದಾಗ ಗಣೇಶನ ಮುಂದೆ ಕೂರಿಸಿ, ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿ ಶಾಲೆಗೆ ಸೇರಿಸುತ್ತಿದ್ದರು.

ಶಾಲೆ ಕೂಡುತ್ತಿದ್ದುದು ಬೆಳಿಗ್ಗೆ ಆರಕ್ಕೆ. ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಕ್ಯಾಂಬೆಲ್ಲನ ಲೆಕ್ಕದಂತೆ ಒಂದು ಶಾಲೆಗೆ ಸುಮಾರು ಹನ್ನೆರಡು ಮಕ್ಕಳು. ಅಂದರೆ ಹನ್ನೆರಡನೆಯವನಿಗೆ ಹತ್ತು ಏಟು. ಎಲ್ಲರೂ ಆರಕ್ಕೆ ಮುಂಚೆಯೇ ಬಂದರೂ ಕೊನೆಯವನು ಒಬ್ಬ ಇದ್ದೇ ಇರುತ್ತಾನೆ. ಆ ಏಟು ತಡವಾದದ್ದಕ್ಕಲ್ಲ, ಹಿಂದೆ ಬಿದ್ದದ್ದಕ್ಕೆ.

ಆ ಕಾಲಕ್ಕೆ ಆರು ಗಂಟೆ ಹೊಂದುತ್ತಿತ್ತು ಎಂದೇ ನನ್ನ ಎಣಿಕೆ. ಎಣ್ಣೆ ದೀಪದ ಮನೆಗಳು. ಕತ್ತಲಾದರೆ ಊಟ, ಊಟವಾದರೆ ನಿದ್ದೆ. ಕೋಳಿ ಕೂಗುವ ಹೊತ್ತಿಗೆ ಮಗುವಿನ ಕಣ್ಣು ತಾನಾಗಿ ತೆರೆಯುತ್ತಿತ್ತು. ಹೊತ್ತೇರಿದರೆ ನಮ್ಮ ಬಳ್ಳಾರಿಯ ಬಿಸಿಲು ಬೇರೆ.

ಮುಂದೆ ಸರ್ಕಾರಿ ಶಾಲೆಗಳ ಗಂಟೆ ಹತ್ತರ ಆಸುಪಾಸಿಗೆ ಸರಿಯಿತು. ಬೆಳಗಿನ ಶಾಲೆ ಶನಿವಾರಕ್ಕೂ ಬೇಸಿಗೆಗೂ ಉಳಿಯಿತು. ಆದರೆ ಹತ್ತನೇ ತರಗತಿಯವರಿಗೆ ಆ ಆರು ಗಂಟೆ ಮರಳಿ ಬಂತು, ವಿಶೇಷ ತರಗತಿಯೆಂಬ ಹೆಸರಿನಲ್ಲಿ. ನಾನೂ ತೆಗೆದುಕೊಂಡಿದ್ದೇನೆ. ಒಂದು ಜನವರಿಯ ಬೆಳಿಗ್ಗೆ, ಮೂರನೇ ಬೆಂಚಿನ ಹುಡುಗಿ ಸಂಧಿಯ ಉದಾಹರಣೆ ಬರೆಯುತ್ತ ಬರೆಯುತ್ತ ನಿದ್ದೆ ಹೋದಳು. ಲೋಪಸಂಧಿಯ 'ಲೋ'ದಿಂದ ಪೆನ್ನಿನ ಗೆರೆ ಹಾಳೆಯ ಅಂಚಿನವರೆಗೆ ಜಾರಿತ್ತು. ಎಬ್ಬಿಸಿ ನಿಲ್ಲಿಸಿದೆ. ರಾತ್ರಿ ಹನ್ನೊಂದರವರೆಗೆ ಓದಿ, ನಾಲ್ಕೂವರೆಗೆ ಎದ್ದು, ಮೊದಲ ಬಸ್ಸು ಹಿಡಿದು ಬಂದವಳು ಎಂದು ತಿಳಿದದ್ದು ಆಮೇಲೆ. ಅವಳನ್ನು ನಿಲ್ಲಿಸಿದ್ದು ತಪ್ಪು.

ಹದಿಹರೆಯದವರ ಮೈಯಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಅವರಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆಯ ನಿದ್ದೆ. ಬೇಗ ಮಲಗು ಎಂದು ಗದರಿದರೆ ನಿದ್ದೆ ಬರುವುದಿಲ್ಲ. ಅಮೆರಿಕದ ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲುಗಳ ಆರಂಭವನ್ನು 7:50ರಿಂದ 8:45ಕ್ಕೆ ಒಯ್ದಿತು. ಸಂಶೋಧಕರು ಅಲ್ಲಿನ ಎರಡು ಶಾಲೆಗಳಲ್ಲಿ ಅಳೆದು ನೋಡಿದಾಗ ಮಕ್ಕಳ ನಿದ್ದೆ ದಿನಕ್ಕೆ 34 ನಿಮಿಷ ಹೆಚ್ಚಿತ್ತು. ಅವರು ಗಮನಿಸಿದ ವಿಜ್ಞಾನ ತರಗತಿಗಳಲ್ಲಿ ಅಂಕಗಳೂ ಶೇಕಡಾ 4.5 ಮೇಲಿದ್ದವು. 2022ರಿಂದ ಕ್ಯಾಲಿಫೋರ್ನಿಯಾದಲ್ಲಿ, ಕೆಲವು ಹಳ್ಳಿಗಾಡಿನ ಶಾಲೆಗಳ ಹೊರತು, ಹೈಸ್ಕೂಲು 8:30ಕ್ಕೆ ಮುಂಚೆ ಶುರುವಾಗಕೂಡದೆಂಬ ಕಾನೂನೇ ಜಾರಿಯಲ್ಲಿದೆ.

ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಕತ್ತಲಾಗುತ್ತಲೇ ಮಲಗಿ ಎದ್ದವರು. ಬೇಗ ಮಲಗುವ ಅರ್ಧವನ್ನು ಕೈಬಿಟ್ಟು ಬೇಗ ಏಳುವ ಅರ್ಧವನ್ನಷ್ಟೇ ಮಕ್ಕಳ ಮೇಲೆ ಹೇರಿದ್ದೇವೆ.

ಮೇಷ್ಟರುಗಳಲ್ಲಿ, ಹೆತ್ತವರಲ್ಲಿ ನನ್ನದೊಂದು ಬೇಡಿಕೆ. ಈ ಸಲ ವಿಶೇಷ ತರಗತಿಯ ವೇಳಾಪಟ್ಟಿ ಬರೆಯುವ ಮೊದಲು, ದೂರದ ಊರಿನಿಂದ ಬರುವ ಮಗು ನಿನ್ನೆ ಎಷ್ಟು ಹೊತ್ತಿಗೆ ಮಲಗಿತು ಎಂದು ಕೇಳಿ. ಉತ್ತರ ಕೇಳಿದ ಮೇಲೆ ಗಂಟೆ ಗೊತ್ತುಮಾಡಿ.