ಒಂದೇ ಸೂರು, ಎರಡು ಒಲೆ

ಅಣ್ಣತಮ್ಮಂದಿರು ಪಾಲಾದ ಮೇಲೂ ಒಂದೇ ಸೂರಿನಡಿ ಎರಡು ಒಲೆ ಹೂಡುವುದು ನಮ್ಮಲ್ಲಿ ಹೊಸದಲ್ಲ. ನಡುವೆ ಗೋಡೆ ಏಳುತ್ತದೆ. ತಲೆಬಾಗಿಲು ಮಾತ್ರ ಒಂದೇ. ಕಂಪ್ಯೂಟರಿನಲ್ಲೂ ಹೀಗೆ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಿ, ಚಾಲೂ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಇದು ಡ್ಯುಯಲ್ ಬೂಟ್. ಡಿಸ್ಕಿನಲ್ಲಿ ಮಾಡುವ ಪಾಲಿಗೆ ಪಾರ್ಟಿಷನ್ ಎಂದೇ ಹೆಸರು. ಆಸ್ತಿಯ ಪಾಲಿಗೆ ನಮ್ಮ ವಕೀಲರು ಬಳಸುವ ಅದೇ ಮಾತು.

ಲಿನಕ್ಸ್ ಹುಟ್ಟಿದ್ದೇ ಪಾಲಿನ ಮನೆಯಲ್ಲಿ. 1991ರ ಜನವರಿಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21ರ ಹರೆಯದ ಲಿನಸ್ ಟೊರ್ವಾಲ್ಡ್ಸ್, ಕಂತಿನ ಮೇಲೆ ಕಂಪ್ಯೂಟರೊಂದನ್ನು ಕೊಂಡ. ಆಮ್ಸ್ಟರ್ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ಪಾಠ ಹೇಳಲೆಂದು ಬರೆದಿದ್ದ ಮಿನಿಕ್ಸ್ ಎಂಬ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಂಡ. ಅದರ ಮಗ್ಗುಲಲ್ಲೇ ತನ್ನದೊಂದನ್ನು ಕಟ್ಟತೊಡಗಿದ. ಒಂದು ದಿನ, ದೂರವಾಣಿಯ ಮೋಡೆಮಿಗೆ ಹೋಗಬೇಕಾದ ಆದೇಶವನ್ನು ಕೈತಪ್ಪಿ ಡಿಸ್ಕಿಗೇ ಕಳಿಸಿದ. ಮಿನಿಕ್ಸ್ ಇದ್ದ ಪಾಲು ಕೆಟ್ಟುಹೋಯಿತು. ಅದನ್ನು ಮತ್ತೆ ಹೂಡುವ ಬದಲು ತಾನು ಕಟ್ಟಿದ ಪಾಲಿನಲ್ಲೇ ಉಳಿದುಬಿಟ್ಟ.

ಇನ್ನು ತಲೆಬಾಗಿಲು. ಅದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಜಾಗ. 1983ರಲ್ಲಿ ಐಬಿಎಂ ಕಂಪ್ಯೂಟರುಗಳಿಗೆ ಬಂದ ಡಾಸ್ 2.0 ಕಾಲದ ಏರ್ಪಾಡು. ನಾಲ್ಕು ಪಾಲುಗಳ ಪಟ್ಟಿಗೆ 64 ಬೈಟು, ಯಾರನ್ನು ಎಬ್ಬಿಸಬೇಕೆಂಬ ಆದೇಶಕ್ಕೆ 446, ಕೊನೆಯ ಎರಡು ಗುರುತಿನ ಮುದ್ರೆ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95, ಹಾಕುವಾಗಲೇ ಅಲ್ಲಿ ತನ್ನ ಆದೇಶವನ್ನು ಬರೆದುಬಿಡುತ್ತಿತ್ತು. ಪಕ್ಕದ ಲಿನಕ್ಸ್ ಅಳಿಯುತ್ತಿರಲಿಲ್ಲ. ಒಳಹೋಗುವ ದಾರಿ ಮುಚ್ಚಿಹೋಗುತ್ತಿತ್ತು. ಅದಕ್ಕೇ ಬಲ್ಲವರು ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಹಾಕುತ್ತಿದ್ದರು. ಆಗ ಬಾಗಿಲಲ್ಲಿ ಲಿನಕ್ಸಿನ ಕಾವಲುಗಾರ ನಿಲ್ಲುತ್ತಿದ್ದ: ಮೊದಲು ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ, ಆಮೇಲೆ 1995ರಲ್ಲಿ ಆರಂಭವಾದ ಗ್ರಬ್. ಯಾರು ಬೇಕೆಂದು ಕೇಳಿ, ವಿಂಡೋಸಿಗೂ ದಾರಿ ಬಿಡುತ್ತಿದ್ದ.

ಹೊಸ ಯಂತ್ರಗಳಲ್ಲಿ ಈ ಇಕ್ಕಟ್ಟಿಲ್ಲ. ಎರಡೂ ತಂತಮ್ಮ ಕಡತವನ್ನು ಒಂದು ಸಾಮಾನ್ಯ ಪಾಲಿನಲ್ಲಿ ಇಟ್ಟುಕೊಳ್ಳುತ್ತವೆ. ಆದರೆ 2012ರಲ್ಲಿ ವಿಂಡೋಸ್ 8 ಜೊತೆಗೆ ಸೆಕ್ಯೂರ್ ಬೂಟ್ ಎಂಬ ಬೀಗ ಬಂತು. ಒಪ್ಪಿದ ಸಹಿಯಿಲ್ಲದ ತಂತ್ರಾಂಶಕ್ಕೆ ಅದು ತೆರೆಯದು. ಕಳ್ಳ ತಂತ್ರಾಂಶ ನುಗ್ಗದಿರಲೆಂಬ ಉದ್ದೇಶ ಒಳ್ಳೆಯದೇ. ಹಾಗಿದ್ದೂ, ಹೆಸರಾಂತ ಲಿನಕ್ಸುಗಳು ಕೂಡ ಮೈಕ್ರೋಸಾಫ್ಟಿನ ಸಹಿ ಇರುವ ಪುಟ್ಟ ತಂತ್ರಾಂಶವೊಂದನ್ನು ಮುಂದಿಟ್ಟುಕೊಂಡೇ ಒಳಬರುತ್ತವೆ. ಬೇಡವೆಂದರೆ ಬಹಳಷ್ಟು ಕಂಪ್ಯೂಟರುಗಳಲ್ಲಿ ಒಡೆಯರೇ ಈ ಬೀಗವನ್ನು ತೆಗೆಯಬಹುದು; ಎಲ್ಲಿದೆಯೆಂದು ತಿಳಿದಿರಬೇಕು, ಅಷ್ಟೆ.

ಪಾಲು ಪತ್ರದಲ್ಲಿದ್ದರೆ ಸಾಲದು, ಬೀಗದಕೈಯೂ ನಮ್ಮ ಕೈಯಲ್ಲಿರಬೇಕು. ಇದನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.